ಮಹಾಮಾರಿಯ ಕಾಲದಲ್ಲಿ ಔಷಧದ ಅಂಗಡಿ

೨೦೨೦ನೆಯ ಇಸವಿ ಮಾರ್ಚ್ ೨೪ರ ಮಧ್ಯರಾತ್ರಿಯಿಂದ ದೇಶವೆಲ್ಲವೂ ಬಾಗಿಲು ಹಾಕಿಕೊಂಡಿತು. ಶಾಲೆ, ಸಂತೆ, ಜಾತ್ರೆ, ಬಸ್ಸು, ಚಹದ ಅಂಗಡಿ ಎಲ್ಲವೂ ನಿಂತವು. ತೆರೆದಿರಬೇಕೆಂದು ಸರಕಾರವೇ ವಿಧಿಸಿದ ಕೆಲವೇ ಸ್ಥಳಗಳಲ್ಲಿ ಔಷಧದ ಅಂಗಡಿಯೂ ಒಂದಾಗಿತ್ತು. ಈ ವಿಧಿಯು ನ್ಯಾಯವಾದುದೇ ಸರಿ. ಆದರೆ ಅದರೊಳಗೊಂದು ತೊಡಕೂ ಇದ್ದಿತು. ಜನರು ಒಂದೆಡೆ ಸೇರಬಾರದೆಂಬ ಕಾಲದಲ್ಲಿ ಜ್ವರವುಳ್ಳವನೂ, ಜ್ವರವಿಲ್ಲದ ವೃದ್ಧನೂ, ಬಸುರಿಯ ಗಂಡನೂ ಬಂದು ನಿಲ್ಲಲೇಬೇಕಾದ ಸ್ಥಳವದು. ಅಂಗಡಿಯನ್ನು ಮುಚ್ಚಿದರೆ ಸಕ್ಕರೆ ಕಾಯಿಲೆಯವನಿಗೆ ಅಪಾಯ. ಎಚ್ಚರವಿಲ್ಲದೆ ತೆರೆದರೆ ಊರಿಗೇ ಅಪಾಯ. ಈ ಎರಡು ಅಪಾಯಗಳ ನಡುವೆ ಅಂಗಡಿಯನ್ನು ಸುರಕ್ಷಿತವಾಗಿ ನಡೆಸುವ ಬಗೆಯನ್ನು ನಮ್ಮ ಸೀಮೆಯ ಪರಿಸ್ಥಿತಿಯನ್ನಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಮುಂದೆ ಔಷಧಶಾಸ್ತ್ರವನ್ನು ಓದಬಯಸುವ ವಿದ್ಯಾರ್ಥಿಗಳು ಇದನ್ನು ಪಾಠವೆಂದೇ ಓದಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಪಟ್ಟಣಗಳು ಜಿಲ್ಲಾ ಕೇಂದ್ರವಾದ ವಿಜಯಪುರದಿಂದ ಸುಮಾರು ೪೦ರಿಂದ ೮೦ ಕಿ.ಮೀ. ದೂರದಲ್ಲಿವೆ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಚೆಗೆ ಬೇರೆ ತಾಲೂಕುಗಳಾಗಿದ್ದರೂ ಜನರ ರೂಢಿಯಲ್ಲಿ ಹಳೆಯ ನಾಲ್ಕು ಹೆಸರುಗಳೇ ಇನ್ನೂ ನಿಂತಿವೆ. ಊರಿಂದೂರಿಗೆ ಅಂತರ ಹೆಚ್ಚು, ಬಿಸಿಲು ಹೆಚ್ಚು, ವೈದ್ಯರು ಕಡಿಮೆ. ಆದ್ದರಿಂದ ತಲೆನೋವೆಂದರೂ, ಕೆಮ್ಮೆಂದರೂ ನಮ್ಮ ರೈತನು ಮೊದಲು ಹೋಗುವುದು ಔಷಧದ ಅಂಗಡಿಗೆ. ಅಲ್ಲಿ ಕುಳಿತವನನ್ನು ಅವನು 'ಡಾಕ್ಟರೇ' ಎಂದು ಕರೆಯುವುದುಂಟು. ಹಾಗೆ ಕರೆಯಿಸಿಕೊಳ್ಳುವುದು ಸಂತೋಷದ ಸಂಗತಿಯಾಗಿ ಕಂಡರೂ ಮಹಾಮಾರಿಯ ಕಾಲದಲ್ಲಿ ಅದೊಂದು ದೊಡ್ಡ ಹೊರೆಯೇ ಆಗಿದ್ದಿತು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಭಾರತದಲ್ಲಿ ಕೊರೋನಾದಿಂದ ಸಂಭವಿಸಿದ ಮೊದಲನೆಯ ಸಾವು ೨೦೨೦ರ ಮಾರ್ಚ್ ೧೦ರಂದು ನೆರೆಯ ಕಲಬುರಗಿಯ ವೃದ್ಧರೊಬ್ಬರದು. ಸಿಂದಗಿಯ ಜನರಿಗೆ ಕಲಬುರಗಿಯು ದೂರದ ಊರಲ್ಲ. ಇಂಡಿಯ ಜನರಿಗೆ ಭೀಮಾ ನದಿಯ ಆಚೆಯ ಸೊಲ್ಲಾಪುರವು ವಿಜಯಪುರದಷ್ಟೇ ಪರಿಚಿತ; ಆಸ್ಪತ್ರೆಗೂ ಅಲ್ಲಿಗೇ ಹೋಗುವವರು ಅನೇಕರು. ಮುದ್ದೇಬಿಹಾಳ, ಬಾಗೇವಾಡಿಗಳ ತಾಂಡಾಗಳಿಂದ ಗೋವೆಗೂ ಮಹಾರಾಷ್ಟ್ರಕ್ಕೂ ದುಡಿಯಲು ಹೋದವರು ಆ ಬೇಸಿಗೆಯಲ್ಲಿ ಮರಳಿ ಬಂದರು. ಹೀಗಾಗಿ ರೋಗವು ದೊಡ್ಡ ಪಟ್ಟಣಗಳದೆಂದು ಸುಮ್ಮನಿರುವ ಅವಕಾಶವು ನಮಗೆ ಇರಲಿಲ್ಲ. ಒಂದು ಶತಮಾನದ ಹಿಂದೆ ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗೂ ಜನರ ಓಡಾಟದೊಡನೆಯೇ ಮುಂಬಯಿ ಪ್ರಾಂತದ ಜಿಲ್ಲೆಗಳಿಗೆ ಹಬ್ಬಿತು. ಅಂದು ಅವಸರದಿಂದ ರಚಿತವಾದ ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಅಡಿಯಲ್ಲಿಯೇ ೨೦೨೦ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ತನ್ನ ಮೊದಲ ಕೊರೋನಾ ನಿಯಮಗಳನ್ನು ಹೊರಡಿಸಿತೆಂಬುದು ಕುತೂಹಲದ ವಿಷಯ.

ಕಾಯಿದೆಯ ಚೌಕಟ್ಟು

ಔಷಧದ ಅಂಗಡಿಯು ಇತರ ಅಂಗಡಿಗಳಂತಲ್ಲ. ೧೯೪೦ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ, ಅದರ ೧೯೪೫ರ ನಿಯಮಗಳು, ೧೯೪೮ರ ಫಾರ್ಮಸಿ ಕಾಯಿದೆ ಇವು ಮೂರೂ ಕೂಡಿ ಅದನ್ನು ಆಳುತ್ತವೆ. ವೈದ್ಯರ ಚೀಟಿಯ ಮೇಲೆ ಕೊಡತಕ್ಕ ಔಷಧವನ್ನು ನೋಂದಾಯಿತ ಔಷಧಕಾರನು ಖುದ್ದಾಗಿ ಇಲ್ಲವೆ ಅವನ ಕಣ್ಣಳತೆಯಲ್ಲಿಯೇ ಕೊಡಬೇಕು. ಸಣ್ಣ ಊರುಗಳಲ್ಲಿ ಒಂದು ಅಂಗಡಿಗೆ ಒಬ್ಬನೇ ಔಷಧಕಾರನಿರುವುದು ಸಾಮಾನ್ಯ. ಅವನೇ ಜ್ವರದಿಂದ ಮಲಗಿದರೆ ಕಾಯಿದೆಯ ಪ್ರಕಾರ ಅಂಗಡಿಯೇ ಮಲಗಿದಂತೆ. ಆದ್ದರಿಂದ ಮಹಾಮಾರಿಯ ಕಾಲದಲ್ಲಿ ಔಷಧಕಾರನ ಆರೋಗ್ಯವು ಅವನ ಸ್ವಂತದ ಮಾತಾಗಿ ಉಳಿಯುವುದಿಲ್ಲ; ಒಂದು ಓಣಿಯ, ಕೆಲವೊಮ್ಮೆ ಹತ್ತು ಹಳ್ಳಿಗಳ ಮಾತಾಗುತ್ತದೆ.

೨೦೨೦ರ ಮಾರ್ಚ್ ೨೬ರಂದು ಕೇಂದ್ರ ಸರಕಾರವು ಎರಡು ಮುಖ್ಯ ಅಧಿಸೂಚನೆಗಳನ್ನು ಹೊರಡಿಸಿತು. ಒಂದರಿಂದ ಪರವಾನಗಿಯುಳ್ಳ ಅಂಗಡಿಯವರು ಔಷಧವನ್ನು ರೋಗಿಯ ಮನೆಬಾಗಿಲಿಗೆ ಮುಟ್ಟಿಸಲು ಅನುಮತಿ ದೊರೆಯಿತು. ಚೀಟಿಯು ಕೈಯಲ್ಲಾಗಲಿ, ಈಮೇಲಿನ ಮೂಲಕವಾಗಲಿ ಬರಬಹುದಾಗಿತ್ತು. ದೀರ್ಘಕಾಲದ ಬೇನೆಯ ಚೀಟಿಯನ್ನು ಬರೆದ ೩೦ ದಿನಗಳೊಳಗೆ, ತೀವ್ರ ಬೇನೆಯ ಚೀಟಿಯನ್ನು ೭ ದಿನಗಳೊಳಗೆ ಅಂಗಡಿಗೆ ಮುಟ್ಟಿಸಬೇಕಾಗಿತ್ತು. ಮಾದಕ ಹಾಗೂ ಮನೋದ್ರವ್ಯಗಳು, ಎಚ್-೧ ಮತ್ತು ಎಕ್ಸ್ ಅನುಸೂಚಿಯ ಔಷಧಗಳು ಇದರಿಂದ ಹೊರಗುಳಿದವು. ಮುಖ್ಯವಾದ ಇನ್ನೊಂದು ಕಟ್ಟಳೆಯೆಂದರೆ, ಅಂಗಡಿಯಿರುವ ಕಂದಾಯ ಜಿಲ್ಲೆಯೊಳಗೆ ಮಾತ್ರ ಔಷಧವನ್ನು ಮನೆಗೆ ಮುಟ್ಟಿಸಬಹುದಾಗಿತ್ತು.

ಈ ಕಟ್ಟಳೆಯು ಇಂಡಿಯಂಥ ಗಡಿಯ ತಾಲೂಕಿನಲ್ಲಿ ಹೇಗೆ ಪರಿಣಮಿಸುತ್ತದೆಂಬುದನ್ನು ನೋಡೋಣ. ರೋಗಿಯು ಇಂಡಿಯವನು, ವೈದ್ಯರು ಸೊಲ್ಲಾಪುರದವರು, ಗಡಿಯು ಮುಚ್ಚಿದೆ. ಸೊಲ್ಲಾಪುರದ ಅಂಗಡಿಯು ಔಷಧವನ್ನು ಇಂಡಿಗೆ ಕಳಿಸುವಂತಿಲ್ಲ. ಇಂಡಿಯ ಅಂಗಡಿಯಲ್ಲಿ ಅದೇ ಔಷಧದ್ರವ್ಯವಿದೆ. ಆದರೆ ಚೀಟಿಯಲ್ಲಿ ಬರೆದ ಕಂಪನಿಯ ಹೆಸರಿನದು ಇಲ್ಲ. ೧೯೪೫ರ ನಿಯಮಗಳಲ್ಲಿ ೬೫ನೆಯ ನಿಯಮದ ಪ್ರಕಾರ ಎಚ್ ಅನುಸೂಚಿಯ ಒಂದು ಔಷಧಕ್ಕೆ ಬದಲಾಗಿ ಇನ್ನೊಂದನ್ನು ಔಷಧಕಾರನು ತಾನೇ ಕೊಡುವಂತಿಲ್ಲ. ಹಾಗಾದರೆ ರಕ್ತದೊತ್ತಡದ ಗುಳಿಗೆಯಿಲ್ಲದೆ ಆ ಮನುಷ್ಯನು ಎಷ್ಟು ದಿನ ಇರಬೇಕು? ಇಲ್ಲಿ ಉಳಿಯುವ ದಾರಿಯೆಂದರೆ ಚೀಟಿಯ ತಲೆಯ ಮೇಲೆ ಮುದ್ರಿತವಾದ ವೈದ್ಯರ ದೂರವಾಣಿಗೆ ಕರೆಮಾಡಿ, ಅವರಿಂದ ಹೊಸ ಚೀಟಿಯನ್ನು ತರಿಸಿಕೊಳ್ಳುವುದು; ಅಥವಾ ಸಮೀಪದ ಸರಕಾರಿ ಆಸ್ಪತ್ರೆಯ ವೈದ್ಯರಿಗೆ ಹಳೆಯ ಚೀಟಿಯನ್ನು ತೋರಿಸಿ ಬರೆಸಿಕೊಳ್ಳುವುದು. ಅದೇ ಮಾರ್ಚ್ ೨೫ರಂದು ದೂರವೈದ್ಯದ ಮಾರ್ಗಸೂಚಿಗಳು ಪ್ರಕಟವಾದುದರಿಂದ ಈ ದಾರಿಗೆ ಕಾಯಿದೆಯ ಬಲವೂ ಒದಗಿತು. ಗಡಿನಾಡಿನ ಔಷಧಕಾರನು ತನ್ನ ಗಿರಾಕಿಗಳ ವೈದ್ಯರ ದೂರವಾಣಿ ಸಂಖ್ಯೆಗಳನ್ನು ಶಾಂತಿಯ ಕಾಲದಲ್ಲಿಯೇ ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ. ವಹಿಯೊಂದಕ್ಕೆ ತಗಲುವ ವೆಚ್ಚವಾದರೂ ಎಷ್ಟು!

ಕೌಂಟರಿನ ಮುಂದೆ

ಚಿಲ್ಲರೆ ಔಷಧದ ಅಂಗಡಿಗೆ ಕನಿಷ್ಠ ೧೦ ಚದರ ಮೀಟರು ಸ್ಥಳವಿರಬೇಕೆಂದು ನಿಯಮವಿದೆ. ನಮ್ಮ ಪಟ್ಟಣಗಳ ಅನೇಕ ಅಂಗಡಿಗಳು ಅದಕ್ಕಿಂತ ಬಹಳ ದೊಡ್ಡವಲ್ಲ. ಮೂರು ಕಡೆಗೆ ಕಪಾಟು, ಒಂದು ಕಡೆಗೆ ಬಾಗಿಲು. ಒಳಗೆ ಇಬ್ಬರು ಕೆಲಸಗಾರರು, ಎದುರಿಗೆ ಆರೇಳು ಗಿರಾಕಿಗಳು. ಮೊದಮೊದಲು ಎಲ್ಲರ ಗಮನವೂ ಮುಟ್ಟುವ ವಸ್ತುಗಳ ಮೇಲೆಯೇ ಇದ್ದಿತು. ನೋಟುಗಳನ್ನು ಬಿಸಿಲಿಗಿಡುವುದು, ಚೀಟಿಯನ್ನು ಚಿಮಟದಿಂದ ಹಿಡಿಯುವುದು ಮುಂತಾದ ಉಪಾಯಗಳು ನಡೆದವು. ಆದರೆ ಈ ರೋಗವು ಮುಖ್ಯವಾಗಿ ಉಸಿರಿನ ಮೂಲಕ, ಗಾಳಿಯಾಡದ ಸ್ಥಳದಲ್ಲಿ ತೇಲಾಡುವ ಸೂಕ್ಷ್ಮ ಹನಿಗಳ ಮೂಲಕ ಹಬ್ಬುವುದೆಂಬುದು ೨೦೨೧ರ ಹೊತ್ತಿಗೆ ಸ್ಪಷ್ಟವಾಯಿತು. ಆದುದರಿಂದ ನೋಟನ್ನು ಒಣಗಿಸುವುದಕ್ಕಿಂತ ಗಾಳಿಯನ್ನು ಆಡಿಸುವುದು ಹೆಚ್ಚಿನ ಕೆಲಸ. ಗಿರಾಕಿಯು ಒಳಗೆ ಬಾರದೆ ಹೊರಗಿನ ಕಟ್ಟೆಯ ಮೇಲೆಯೇ ನಿಲ್ಲಬೇಕು. ಬಿಸಿಲಿಗೆ ಒಂದು ಚಪ್ಪರ ಹಾಕಿದರಾಯಿತು. ಹಿಂಬದಿಯಲ್ಲಿ ಕಿಟಕಿಯಿದ್ದರೆ ಅದಕ್ಕೆ ಅಡ್ಡವಾಗಿ ಪೇರಿಸಿದ ಡಬ್ಬಿಗಳನ್ನು ತೆಗೆದು ತೆರೆಯಬೇಕು. ಪಂಖವನ್ನು ಒಳಗಿನ ಗಾಳಿಯು ಹೊರಗೆ ಹೋಗುವಂತೆ ಇಡಬೇಕು. ಕೌಂಟರಿಗೆ ಪ್ಲಾಸ್ಟಿಕ್ಕಿನ ಪರದೆಯನ್ನು ಕಟ್ಟಿ ಒಳಗೆ ಗಾಳಿಯೇ ಇಲ್ಲದಂತೆ ಮಾಡಿಕೊಂಡರೆ ಎದುರು ನಿಂತವನ ಕೆಮ್ಮಿನಿಂದ ಬದುಕಿ, ಪಕ್ಕದ ಕೆಲಸಗಾರನ ಉಸಿರಿನಿಂದ ಬೇನೆ ಬೀಳುವುದಾದೀತು.

ಸುಣ್ಣದಿಂದ ವರ್ತುಲಗಳನ್ನು ಬರೆದು ಜನರನ್ನು ಅದರೊಳಗೆ ನಿಲ್ಲಿಸುವ ಪದ್ಧತಿಯು ಸರಳವೂ ಪರಿಣಾಮಕಾರಿಯೂ ಆಗಿದ್ದಿತು. ಆದರೆ ವರ್ತುಲದಲ್ಲಿ ನಿಂತವನು ಔಷಧದ ಹೆಸರನ್ನು ಕೂಗಿ ಹೇಳುವಂತಾದರೆ ಎರಡು ಕೇಡುಗಳು. ಕೂಗುವಾಗ ಬಾಯಿಯಿಂದ ಹನಿಗಳು ಹೆಚ್ಚು ಹೊರಬೀಳುತ್ತವೆ; ಅಲ್ಲದೆ ಅವನ ಗುಪ್ತಬೇನೆಯು ಬೀದಿಗೆಲ್ಲ ತಿಳಿಯುತ್ತದೆ. ಚೀಟಿಯನ್ನು ಒಂದು ಬುಟ್ಟಿಯಲ್ಲಿ ಹಾಕಿಸಿ, ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆಯುವುದು ಲೇಸು. ಕಿವಿ ಮಂದವಾದ ವೃದ್ಧರಿಗೆ ಮುಖಗವಸಿನೊಳಗಿನ ಮಾತು ಕೇಳಿಸದು. ಅವರಿಗಾಗಿ ದೊಡ್ಡಕ್ಷರದಲ್ಲಿ ಬರೆದು ತೋರಿಸುವ ತಾಳ್ಮೆಯಿರಬೇಕು. ಓದುಬಾರದವರಿಗೆ ಗುಳಿಗೆಯ ಪೊಟ್ಟಣದ ಮೇಲೆ ಬೆಳಗಿಗೆ ಸೂರ್ಯನನ್ನೂ, ರಾತ್ರಿಗೆ ಚಂದ್ರನನ್ನೂ ಬರೆದುಕೊಡುವ ಹಳೆಯ ರೂಢಿಯು ಇಂಥ ಕಾಲದಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ಸ್ವಚ್ಛತೆಯ ದ್ರಾವಣಗಳ ವಿಷಯದಲ್ಲಿ ಲೆಕ್ಕವು ಮುಖ್ಯ. ಕೈಗೆ ಹಚ್ಚುವ ದ್ರಾವಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಸೂತ್ರವೊಂದರಲ್ಲಿ ಒಂದು ಲೀಟರಿಗೆ ಶೇ. ೯೬ರ ಎಥನಾಲ್ ೮೩೩.೩ ಮಿ.ಲೀ., ಶೇ. ೩ರ ಹೈಡ್ರೋಜನ್ ಪೆರಾಕ್ಸೈಡ್ ೪೧.೭ ಮಿ.ಲೀ., ಗ್ಲಿಸರಾಲ್ ೧೪.೫ ಮಿ.ಲೀ. ಇದ್ದು ಉಳಿದುದು ಕುದಿಸಿ ಆರಿಸಿದ ನೀರು. ಕಲಸಿದ ಮೇಲೆ ಬಾಟಲಿಯಲ್ಲಿ ಹೊಕ್ಕಿರಬಹುದಾದ ಬೀಜಾಣುಗಳು ನಾಶವಾಗಲೆಂದು ೭೨ ಗಂಟೆ ಬಿಟ್ಟು ಉಪಯೋಗಿಸಬೇಕು. ಇದನ್ನು ತಯಾರಿಸಿ ಮಾರಲು ಪರವಾನಗಿ ಬೇಕೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಉಪಯುಕ್ತ ಕ್ಲೋರಿನ್ ಇದ್ದರೆ ಲೀಟರು ನೀರಿಗೆ ೩ ಗ್ರಾಂ ಹಾಕಿದಾಗ ಶೇ. ೦.೧ರ, ೩೦ ಗ್ರಾಂ ಹಾಕಿದಾಗ ಶೇ. ೧ರ ದ್ರಾವಣವಾಗುತ್ತದೆ. ಕೌಂಟರು ಒರೆಸಲು ಮೊದಲನೆಯದೇ ಸಾಕು. ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ವಾಸನೆಯಿಲ್ಲದ ಪುಡಿಯಿಂದ ಒರೆಸುವುದು ಬರಿಯ ನೀರಿನಿಂದ ಒರೆಸಿದಂತೆ. ಇದನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದಿಗೂ ಕೂಡಿಸಲಾಗದು, ವಿಷವಾಯುವು ಹೊರಡುತ್ತದೆ. ಮನುಷ್ಯರ ಮೈಮೇಲೆ ಇಂಥ ದ್ರಾವಣವನ್ನು ಸಿಂಪಡಿಸಬಾರದೆಂದು ಕೇಂದ್ರ ಆರೋಗ್ಯ ಇಲಾಖೆಯು ೨೦೨೦ರ ಏಪ್ರಿಲಿನಲ್ಲಿಯೇ ತಿಳಿಸಬೇಕಾಯಿತು. ಕೈತೊಳೆಯುವ ಮದ್ಯಸಾರವನ್ನು ಕುಡಿದವರೂ ಉಂಟು. ೨೦೨೦ರ ಜುಲೈ ಕೊನೆಯಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡು ಎಂಬಲ್ಲಿ ಹೀಗೆ ಕುಡಿದು ಹಲವರು ಸತ್ತರು. ಒಬ್ಬನೇ ಗಿರಾಕಿಯು ದಿನವೂ ಬಂದು ಬಾಟಲಿಗಳನ್ನು ಕೇಳಿದರೆ ಅಂಗಡಿಯವನು ಅನುಮಾನಿಸಲೇಬೇಕು.

ಕೆಲಸಗಾರರನ್ನು ಎರಡು ತಂಡಗಳಾಗಿ ಮಾಡಿ, ಒಂದು ತಂಡವು ಇನ್ನೊಂದನ್ನು ಸಂಧಿಸದಂತೆ ಪಾಳಿ ಹಾಕುವುದು ದೊಡ್ಡ ಅಂಗಡಿಗಳಿಗೆ ಸಾಧ್ಯ. ಒಬ್ಬನೇ ಇರುವಲ್ಲಿ ನೆರೆಯ ಅಂಗಡಿಗಳು ಪರಸ್ಪರ ಮಾತಾಡಿಕೊಂಡು, ಒಬ್ಬನು ಬೇನೆಬಿದ್ದರೆ ಅವನ ಗಿರಾಕಿಗಳ ಮಾಸಿಕ ಔಷಧಗಳನ್ನು ಇನ್ನೊಬ್ಬನು ತರಿಸಿಡುವ ಏರ್ಪಾಡು ಮಾಡಿಕೊಳ್ಳಬೇಕು. ವ್ಯಾಪಾರದ ಸ್ಪರ್ಧೆಗೆ ಬೇರೆ ದಿನಗಳು ಇದ್ದೇ ಇವೆ.

ಕೊಡಬಾರದುದನ್ನು ಕೊಡದಿರುವುದು

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆಯು ಇದೇ. ಮುಖಗವಸು ಹಾಕುವುದು ಒಂದು ದಿನದ ಅಭ್ಯಾಸದಿಂದ ಬರುತ್ತದೆ. ಹಣ ಹಿಡಿದು ನಿಂತವನಿಗೆ 'ಇಲ್ಲ' ಎನ್ನುವುದು ಬರುವುದಿಲ್ಲ.

೨೦೨೦ರ ಮಾರ್ಚಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಗುಳಿಗೆಯು ರೋಗವನ್ನು ತಡೆಯಬಹುದೆಂಬ ಸುದ್ದಿ ಹಬ್ಬಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಅದನ್ನು ಆರೋಗ್ಯ ಕಾರ್ಯಕರ್ತರಿಗೂ ರೋಗಿಗಳ ಮನೆಯವರಿಗೂ ಮಾತ್ರ ಸೂಚಿಸಿದ್ದರೂ ಜನರು ತಮಗೂ ಬೇಕೆಂದು ಮುಗಿಬಿದ್ದರು. ಕೀಲುವಾತಕ್ಕೂ ಲೂಪಸ್ ರೋಗಕ್ಕೂ ಅದನ್ನು ನಿತ್ಯ ಸೇವಿಸತಕ್ಕವರಿಗೆ ಗುಳಿಗೆಯು ದುರ್ಲಭವಾಯಿತು. ಮೇಲೆ ಹೇಳಿದ ಮಾರ್ಚ್ ೨೬ರ ಎರಡನೆಯ ಅಧಿಸೂಚನೆಯು ಅದರ ಮಾರಾಟವನ್ನು ಎಚ್-೧ ಅನುಸೂಚಿಯ ಕಟ್ಟಳೆಗೆ ಒಳಪಡಿಸಿತು. ಅಂದರೆ ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣಗಳನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಮುಂದೆ ದೊಡ್ಡ ಪ್ರಯೋಗಗಳಲ್ಲಿ ಆ ಗುಳಿಗೆಯಿಂದ ಪ್ರಯೋಜನ ಕಂಡುಬರಲಿಲ್ಲ. ೨೦೨೧ರ ಸಪ್ಟೆಂಬರಿನಲ್ಲಿ ಅದು ಚಿಕಿತ್ಸೆಯ ಸೂಚಿಯಿಂದ ಬಿಟ್ಟುಹೋಯಿತು. ಅಂದು ಕೊಡಲಾರೆನೆಂದವನು ಬೈಗುಳವನ್ನು ತಿಂದನು, ಆದರೆ ನಿಜವಾದ ರೋಗಿಯ ಗುಳಿಗೆಯನ್ನು ಉಳಿಸಿದನು.

ಡೆಕ್ಸಾಮೆಥಾಸೋನ್‌ನ ಕಥೆಯು ಇನ್ನೂ ಬೋಧಪ್ರದವಾಗಿದೆ. ೨೦೨೦ರ ಜೂನಿನಲ್ಲಿ ಆಕ್ಸ್‌ಫರ್ಡಿನ ರಿಕವರಿ ಪ್ರಯೋಗದ ಫಲ ಪ್ರಕಟವಾಯಿತು. ಉಸಿರಾಟದ ಯಂತ್ರದ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೆಯ ಒಂದು ಪಾಲು, ಆಮ್ಲಜನಕವನ್ನಷ್ಟೇ ಪಡೆಯುತ್ತಿದ್ದವರಲ್ಲಿ ಸುಮಾರು ಐದನೆಯ ಒಂದು ಪಾಲು ತಗ್ಗಿತ್ತು. ಆಮ್ಲಜನಕವೇ ಬೇಡವಾದವರಿಗೆ ಲಾಭವೇನೂ ಇರಲಿಲ್ಲ. ಈ ಮೂರನೆಯ ಮಾತನ್ನು ಜನರು ಕೇಳಲಿಲ್ಲ. ಅಗ್ಗದ ಗುಳಿಗೆ, ಪರಿಚಿತವಾದ ಗುಳಿಗೆ. ಜ್ವರ ಬಂದ ಮೊದಲ ದಿನವೇ ನುಂಗಿದವರು ಎಷ್ಟೋ ಮಂದಿ. ಸ್ಟಿರಾಯ್ಡುಗಳು ದೇಹದ ರೋಗನಿರೋಧವನ್ನು ತಗ್ಗಿಸುತ್ತವೆ, ರಕ್ತದ ಸಕ್ಕರೆಯನ್ನು ಏರಿಸುತ್ತವೆ. ೨೦೨೧ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ರೋಗವು ರಾಜ್ಯದಲ್ಲಿ ಅಷ್ಟೊಂದು ಜನರ ಕಣ್ಣು, ದವಡೆ, ಪ್ರಾಣಗಳನ್ನು ಕಳೆದುದಕ್ಕೆ ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯೂ, ಅಳತೆಮೀರಿದ ಸ್ಟಿರಾಯ್ಡೂ ಮುಖ್ಯ ಕಾರಣಗಳೆಂದು ವೈದ್ಯರು ಕಂಡುಕೊಂಡರು. ಚೀಟಿಯಿಲ್ಲದೆ ಹತ್ತು ಗುಳಿಗೆಗಳನ್ನು ಕತ್ತರಿಸಿಕೊಟ್ಟ ಕತ್ತರಿಯ ಪಾಲೂ ಇದರಲ್ಲಿ ಇದ್ದೀತೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಚೀಟಿ ಬೇಡದ ಪ್ಯಾರಾಸಿಟಮಾಲಿನಲ್ಲಿಯೂ ಎಚ್ಚರ ಬೇಕು. ನೆಗಡಿಯ ಗುಳಿಗೆ, ಮೈಕೈ ನೋವಿನ ಗುಳಿಗೆ, ಜ್ವರದ ಗುಳಿಗೆ ಎಂದು ಮೂರು ಹೆಸರಿನವನ್ನು ಒಯ್ದವನು ಮೂರರಲ್ಲಿಯೂ ಅದೊಂದೇ ದ್ರವ್ಯವನ್ನು ನುಂಗುತ್ತಿರಬಹುದು. ಪ್ರಾಯದವರಿಗೆ ದಿನಕ್ಕೆ ೪ ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ಕುಡಿತದ ಚಟವುಳ್ಳವರಿಗೂ ಸೊರಗಿದವರಿಗೂ ಅದಕ್ಕಿಂತ ಕಡಿಮೆಯಲ್ಲಿಯೇ.

೨೦೨೦ರ ಬೇಸಿಗೆಯಲ್ಲಿ ಜ್ವರ, ಕೆಮ್ಮು, ನೆಗಡಿಗಳ ಔಷಧವನ್ನು ಕೊಳ್ಳುವವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಬರೆದು ತಿಳಿಸಬೇಕೆಂದು ರಾಜ್ಯದ ಅಂಗಡಿಗಳಿಗೆ ಆದೇಶವಾಯಿತು. ರೋಗವನ್ನು ಬೇಗನೆ ಪತ್ತೆಹಚ್ಚುವುದಕ್ಕೆ ಇದು ಒಳ್ಳೆಯ ಸಾಧನವೇ. ಆದರೆ ಮನುಷ್ಯ ಸ್ವಭಾವವನ್ನು ಬಲ್ಲವರು ಇದರ ಇನ್ನೊಂದು ಮುಖವನ್ನೂ ಊಹಿಸಬಲ್ಲರು. ಕ್ವಾರಂಟೈನಿಗೆ ಹೆದರಿದವನು ನೆರೆಯವನ ಹೆಸರಿನಲ್ಲಿ ಔಷಧ ತರಿಸುವನು, ಇಲ್ಲವೆ ಔಷಧವನ್ನೇ ತರಿಸಲಾರನು. ಹೆಸರು ಬರೆದುಕೊಳ್ಳುವಾಗ ಕಾರಣವನ್ನು ಹೇಳಿ, ಎಲ್ಲಿ ಪರೀಕ್ಷೆ ಮಾಡಿಸಬೇಕೆಂದು ತಿಳಿಸಿ, ಆ ವಹಿಯನ್ನು ಇತರ ಗಿರಾಕಿಗಳ ಕಣ್ಣಿಗೆ ಬೀಳದಂತೆ ಇಟ್ಟರೆ ಮಾತ್ರ ಜನರು ನಿಜವನ್ನು ಹೇಳುತ್ತಾರೆ.

ಹಳ್ಳಿಗೆ ಮುಟ್ಟಿಸುವುದು

ಬಸ್ಸು ನಿಂತಾಗ ಹಳ್ಳಿಯಿಂದ ಪಟ್ಟಣಕ್ಕೆ ಬರುವ ದಾರಿ ಒಂದೇ, ಮೋಟಾರ್ ಸೈಕಲ್ಲು. ಹತ್ತು ಮನೆಯವರು ಹತ್ತು ಸಲ ಬರುವ ಬದಲು ಒಬ್ಬ ನಂಬಿಗಸ್ಥ ತರುಣನು ಚೀಟಿಗಳನ್ನೆಲ್ಲ ಕೂಡಿಸಿಕೊಂಡು ಒಂದೇ ಸಲ ಬಂದರೆ ಗರ್ದಿಯೂ ತಪ್ಪುತ್ತದೆ. ಆದರೆ ಒಂದೇ ಊರಿನಲ್ಲಿ ಮೂವರು ಬಸಪ್ಪರೂ ಇಬ್ಬರು ಶಾಂತಮ್ಮರೂ ಇರುವುದು ನಮ್ಮಲ್ಲಿ ಸಹಜ. ಪ್ರತಿಯೊಂದು ಚೀಟಿಯ ಔಷಧವನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ, ರೋಗಿಯ ಹೆಸರಿನೊಡನೆ ತಂದೆಯ ಅಥವಾ ಗಂಡನ ಹೆಸರು, ಮನೆತನದ ಹೆಸರು, ವಯಸ್ಸುಗಳನ್ನು ಬರೆಯಬೇಕು. ಮೆಟ್ಫಾರ್ಮಿನ್, ಮೆಟ್ರೋನಿಡಜೋಲ್ ಇಂಥ ಸಮಧ್ವನಿಯ ಹೆಸರುಗಳನ್ನು ಫೋನಿನಲ್ಲಿ ಕೇಳಿ ಕೊಡುವುದಂತೂ ಸಲ್ಲದು. ಚೀಟಿಯ ಫೋಟೋ ಬರಲೇಬೇಕು. ಮೆಥೊಟ್ರೆಕ್ಸೇಟ್ ಎಂಬ ಕೀಲುವಾತದ ಗುಳಿಗೆಯನ್ನು ವಾರಕ್ಕೊಮ್ಮೆ ಸೇವಿಸಬೇಕು. ದಿನವೂ ಸೇವಿಸಿದರೆ ಪ್ರಾಣಕ್ಕೇ ಸಂಚಕಾರ. ಇಂಥದನ್ನು ತರುಣನ ಕೈಗೆ ಕೊಟ್ಟ ಮೇಲೆ ರೋಗಿಯ ಮನೆಗೆ ಫೋನು ಮಾಡಿ ವಾರದ ಹೆಸರನ್ನೇ ಹೇಳಿ ತಿಳಿಸಬೇಕು.

ಎಷ್ಟು ದಿನಗಳ ಔಷಧ ಕೊಡಬೇಕೆಂಬುದೂ ಆಲೋಚಿಸತಕ್ಕ ವಿಷಯ. ದೀರ್ಘಕಾಲದ ರೋಗಿಗೆ ಚೀಟಿಯಲ್ಲಿ ಅವಕಾಶವಿದ್ದರೆ ಎರಡು ತಿಂಗಳಿನದನ್ನು ಕೊಟ್ಟು ಓಡಾಟವನ್ನು ಉಳಿಸಬಹುದು. ಆದರೆ ಅಂಗಡಿಯಲ್ಲಿ ನೂರು ರೋಗಿಗಳಿಗೆ ಒಂದು ತಿಂಗಳ ದಾಸ್ತಾನಿದ್ದಾಗ ಐವತ್ತು ಮಂದಿಯೇ ಎರಡೆರಡು ತಿಂಗಳಿನದನ್ನು ಒಯ್ದರೆ ಉಳಿದ ಐವತ್ತು ಮಂದಿ ಬರಿಗೈಯಿಂದ ಮರಳಬೇಕು. ಲಾರಿ ಬರುವ ದಿನ ಖಚಿತವಾಗುವ ತನಕ ತಿಂಗಳಿನದನ್ನಷ್ಟೇ ಕೊಡುವುದು ನ್ಯಾಯ.

ಇನ್ಸುಲಿನ್ನಿನ ಮಾತೇ ಬೇರೆ. ತೆರೆಯದ ಬಾಟಲಿಯನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಡಬೇಕು. ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗೆ ೪೦ ಡಿಗ್ರಿ ಮೀರುವುದು ಅಪರೂಪವಲ್ಲ. ಮೋಟಾರ್ ಸೈಕಲ್ಲಿನ ಡಿಕ್ಕಿಯೊಳಗೆ ಇನ್ನೂ ಹೆಚ್ಚು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಗೆ ನೇರವಾಗಿ ತಗಲದಂತೆ ಥರ್ಮಾಸಿನಲ್ಲಿ ಒಯ್ಯಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿಟ್ಟು, ನಡುವೆ ಹಸಿ ಉಸುಕು ತುಂಬಿ, ಅದರಲ್ಲಿ ಬಾಟಲಿಯನ್ನಿಡಬಹುದು. ನಮ್ಮ ಒಣಹವೆಯಲ್ಲಿ ನೀರು ಬೇಗ ಆರುವುದರಿಂದ ಮಡಕೆಯ ಒಳಗು ಹೊರಗಿಗಿಂತ ಹಲವು ಡಿಗ್ರಿ ತಂಪಾಗಿರುತ್ತದೆ. ಬಳಕೆಯಲ್ಲಿರುವ ಬಾಟಲಿಗೆ ಇದು ನೆರವಾಗುತ್ತದೆ. ಅದನ್ನು ಸುಮಾರು ನಾಲ್ಕು ವಾರಗಳಲ್ಲಿ ಮುಗಿಸಬೇಕು. ಕರೆಂಟು ಹೋದಾಗ ಅಂಗಡಿಯ ಫ್ರಿಜ್ಜಿನ ಬಾಗಿಲನ್ನು ಪದೇ ಪದೇ ತೆಗೆಯದಿರುವುದು, ಉಷ್ಣತಾಮಾಪಕವನ್ನು ದಿನಕ್ಕೆರಡು ಸಲ ಓದಿ ಬರೆಯುವುದು ಸಣ್ಣ ಕೆಲಸಗಳೆಂದು ಕಡೆಗಣಿಸಲಾಗದು.

ಬೆಲೆಯ ವಿಷಯ

೨೦೨೦ರ ಮಾರ್ಚ್ ೧೩ರಂದು ಮುಖಗವಸು ಮತ್ತು ಕೈಶುದ್ಧಿಯ ದ್ರಾವಣಗಳು ಅವಶ್ಯಕ ವಸ್ತುಗಳೆಂದು ಘೋಷಿತವಾದವು. ೨೦೦ ಮಿ.ಲೀ. ದ್ರಾವಣಕ್ಕೆ ೧೦೦ ರೂಪಾಯಿ, ಮೂರು ಪದರಿನ ಮುಖಗವಸಿಗೆ ೧೦ ರೂಪಾಯಿ, ಎರಡು ಪದರಿನದಕ್ಕೆ ೮ ರೂಪಾಯಿ ಮೇರೆಯಾಯಿತು. ಆಮ್ಲಜನಕಮಾಪಕ, ಗ್ಲೂಕೋಮಾಪಕ, ರಕ್ತದೊತ್ತಡದ ಯಂತ್ರ, ನೆಬ್ಯುಲೈಜರ್, ಡಿಜಿಟಲ್ ಉಷ್ಣತಾಮಾಪಕಗಳ ವ್ಯಾಪಾರಲಾಭಕ್ಕೆ ಶೇ. ೭೦ರ ಮಿತಿ ಬಂದುದು ೨೦೨೧ರ ಜುಲೈಯಲ್ಲಿ. ಆ ಹೊತ್ತಿಗೆ ಎರಡನೆಯ ಅಲೆಯು ಇಳಿದಿತ್ತು. ಮಳೆ ನಿಂತ ಮೇಲೆ ಕೊಡೆಯನ್ನು ಹಂಚಿದಂತಾಯಿತೆಂದರೆ ತಪ್ಪಾಗದು. ಆಮ್ಲಜನಕಮಾಪಕವನ್ನು ಮಾರುವಾಗ ಉಪಯೋಗಿಸುವ ಕ್ರಮವನ್ನೂ ಹೇಳಿಕೊಡಬೇಕು: ಉಗುರಿನ ಬಣ್ಣ ಒರೆಸಬೇಕು, ತಣ್ಣಗಿನ ಬೆರಳನ್ನು ಬೆಚ್ಚಗಾಗಿಸಬೇಕು, ಅಂಕಿ ಸ್ಥಿರವಾಗುವ ತನಕ ಕಾಯಬೇಕು, ೯೪ಕ್ಕಿಂತ ಕೆಳಗೆ ನಿಂತರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರ ಮೇ ೫ರಂದು ಕೊರೋನಾದ ಜಾಗತಿಕ ತುರ್ತುಸ್ಥಿತಿಯು ಮುಗಿದುದೆಂದು ಸಾರಿತು. ಅಂಗಡಿಗಳಲ್ಲಿ ಅಂದು ತುಂಬಿಟ್ಟ ದ್ರಾವಣದ ಬಾಟಲಿಗಳು, ಗುಳಿಗೆಗಳು ಅವಧಿ ಮೀರಿ ಎಲ್ಲಿಯಾದರೂ ಮೂಲೆಯಲ್ಲಿ ಉಳಿದಿದ್ದರೆ ಅವುಗಳನ್ನು ಮಾರುವ ಸರಕಿನಿಂದ ಬೇರೆ ಮಾಡಿ, 'ಮಾರಾಟಕ್ಕಿಲ್ಲ' ಎಂದು ಬರೆದು, ಸಗಟು ವ್ಯಾಪಾರಿಗೆ ಹಿಂದಿರುಗಿಸಬೇಕು. ಮದ್ಯಸಾರದ ದ್ರಾವಣವು ಬೆಂಕಿಯನ್ನು ಬೇಗ ಹಿಡಿಯುವುದರಿಂದ ಅದನ್ನು ದೇವರ ದೀಪದಿಂದಲೂ ವಿದ್ಯುತ್ತಿನ ಬೋರ್ಡಿನಿಂದಲೂ ದೂರವಿಡಬೇಕು. ತಿಪ್ಪೆಗೆ ಎಸೆದು ಕಡ್ಡಿ ಗೀರಲಾಗದು.